ಪ್ರವಾಸದಲ್ಲಿ ಮಕ್ಕಳ ಡೈರಿ: ಪದೇ ಪದೇ ಕೇಳುವ ಪ್ರಶ್ನೆಗಳು

ರಜೆ ಹತ್ತಿರ ಬಂದಾಗಲೆಲ್ಲ ಅಪ್ಪ ಅಮ್ಮಂದಿರು ನನ್ನ ಹತ್ತಿರ ಈ ಮಾತು ತೆಗೆಯುತ್ತಾರೆ. ಕೆಲವರು ಎದುರಿಗೆ ಸಿಕ್ಕಾಗ ಕೇಳುತ್ತಾರೆ, ಕೆಲವರು ಪತ್ರ ಬರೆಯುತ್ತಾರೆ. ಪ್ರಶ್ನೆಗಳನ್ನು ಅವರು ಕೇಳಿದ ಹಾಗೇ ಇಟ್ಟಿದ್ದೇನೆ. ಉತ್ತರಗಳು ನನ್ನ ಇಬ್ಬರು ಮಕ್ಕಳ ಜೊತೆ ಊರೂರು ತಿರುಗಿ ಕಲಿತವು. ಎಲ್ಲದರ ಹಿಂದೆ ಇರುವುದು ಒಂದೇ ನಂಬಿಕೆ: ಆ ಪುಸ್ತಕ ಮಗುವಿನದು. ನಮ್ಮ ಕೆಲಸ ಒಳ್ಳೆಯ ಪ್ರಶ್ನೆ ಕೇಳಿ ಪಕ್ಕಕ್ಕೆ ಸರಿಯುವುದು.

## ಹೊರಡುವ ಮೊದಲು

ಎಷ್ಟನೇ ವಯಸ್ಸಿಂದ ಶುರು ಮಾಡಬಹುದು? ನಮ್ಮವನಿಗೆ ಇನ್ನೂ ನಾಲ್ಕು, ಅಕ್ಷರವೇ ಬರಲ್ಲ.

ನಾಲ್ಕು ಸಾಕು. ಮಗು ಚಿತ್ರ ಬಿಡಿಸಲಿ, ಅದರ ಬಗ್ಗೆ ಹೇಳಲಿ. ನೀವು ಕೆಳಗೆ ಬರೆದುಕೊಡಿ. ಹೇಳಿ ಬರೆಸುವುದು ಕಡಿಮೆ ದರ್ಜೆಯ ಕೆಲಸ ಏನಲ್ಲ. ಮಾರ್ಕೊ ಪೋಲೊ ತನ್ನ ಪ್ರವಾಸದ ಕಥೆಯನ್ನು 1298ರ ಸುಮಾರಿಗೆ ಇಟಲಿಯ ಜಿನೋವಾದ ಸೆರೆಮನೆಯಲ್ಲಿದ್ದಾಗ ಜೊತೆಯ ಕೈದಿಯೊಬ್ಬನಿಗೆ ಹೇಳಿ ಬರೆಸಿದ ಎನ್ನುತ್ತಾರೆ. 1325ರಲ್ಲಿ, 21ರ ವಯಸ್ಸಿನಲ್ಲಿ ಮನೆ ಬಿಟ್ಟ ಮೊರಾಕೊದ ಪ್ರವಾಸಿ ಇಬ್ನ್ ಬತೂತ ಕೂಡ ಊರಿಗೆ ಮರಳಿದ ಮೇಲೆ ಇನ್ನೊಬ್ಬರಿಗೆ ಹೇಳಿಯೇ ಬರೆಸಿದ್ದು.

ಒಂದೇ ನಿಯಮ: ಮಗು ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ. ನನ್ನ ಮಗಳು ನಾಲ್ಕು ವರ್ಷದವಳಿದ್ದಾಗ ಮೊದಲ ಸಲ ಸಮುದ್ರದ ಅಂಚಲ್ಲಿ ನಿಂತಳು. ಅಲೆ ಬಂದು ಹಿಂದಕ್ಕೆ ಹೋಯಿತು. ಆಮೇಲೆ ನನ್ನಿಂದ ಬರೆಸಿದ್ದು ಇಷ್ಟು: "ನನ್ ಕಾಲ್ ಕೆಳಗಿನ ಮರಳನ್ನ ಯಾರೋ ಎಳ್ಕೊಂಡ್ರು." ಇದನ್ನು 'ಅಲೆಗಳು ಬಂದವು, ಖುಷಿಯಾಯಿತು' ಅಂತ ಬರೆದಿದ್ದರೆ ಆ ಕ್ಷಣವೇ ಕಳೆದುಹೋಗುತ್ತಿತ್ತು.

ಯಾವ ತರದ ಪುಸ್ತಕ ತಗೋಬೇಕು? ಅಂಗಡಿಯಲ್ಲಿ ಚಂದ ಚಂದದ ಡೈರಿ ಸಿಗುತ್ತೆ.

ತೀರಾ ಚಂದದ್ದು ಬೇಡ. ಹಾಳಾಗುತ್ತೆ ಅನ್ನುವ ಭಯಕ್ಕೆ ಮಕ್ಕಳು ಅದರಲ್ಲಿ ಬರೆಯುವುದೇ ಇಲ್ಲ. ಪ್ರತಿ ಪುಟದಲ್ಲೂ 'ಇಂದಿನ ಹವಾಮಾನ', 'ನನಗೆ ಇಷ್ಟವಾದ ಜಾಗ' ಅಂತ ಖಾನೆ ಅಚ್ಚು ಹಾಕಿರುವುದೂ ಬೇಡ. ಎರಡನೇ ದಿನಕ್ಕೇ ಅದು ಹೋಮ್‌ವರ್ಕ್ ಆಗಿಬಿಡುತ್ತದೆ.

ಗೆರೆ ಇಲ್ಲದ ಬಿಳಿ ಹಾಳೆ, ಗಟ್ಟಿ ರಟ್ಟಿನ ಹೊದಿಕೆ, ಎ5 ಅಳತೆ (148 × 210 ಮಿಲಿಮೀಟರ್). ತೊಡೆ ಮೇಲೆ ಇಟ್ಟುಕೊಂಡು ಬರೆಯಲು ರಟ್ಟು ಬೇಕೇ ಬೇಕು. ಹಾಳೆಯ ದಪ್ಪ (ಒಂದು ಚದರ ಮೀಟರಿಗೆ ಎಷ್ಟು ಗ್ರಾಂ ತೂಕ ಅನ್ನುವ ಲೆಕ್ಕ) 100 ಜಿಎಸ್‌ಎಂ ಇದ್ದರೆ ಸ್ಕೆಚ್ ಪೆನ್ನಿನ ಬಣ್ಣ ಹಿಂದಿನ ಪುಟಕ್ಕೆ ಅಷ್ಟಾಗಿ ಇಳಿಯುವುದಿಲ್ಲ. ನೀರಿನ ಬಣ್ಣ ಹಚ್ಚುವ ಮಗುವಾದರೆ 200ಕ್ಕಿಂತ ಜಾಸ್ತಿ ಇರಲಿ. ಸ್ಪೈರಲ್ ಬೈಂಡಿಂಗ್ ಆದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ, ಒಳಗೆ ಏನಾದರೂ ಅಂಟಿಸಿದರೂ ಬೆನ್ನು ಕಿತ್ತು ಬರುವುದಿಲ್ಲ.

ಒಂದು ಪ್ರವಾಸಕ್ಕೆ ಒಂದು ತೆಳು ಪುಸ್ತಕ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಅದು ಮುಗಿಯುತ್ತದೆ, ಮುಗಿಸಿದ ಖುಷಿ ಮಗುವಿಗೆ ಸಿಗುತ್ತದೆ.

ಪೆನ್ನಾ, ಪೆನ್ಸಿಲ್ಲಾ?

ಪೆನ್ಸಿಲ್. ನೀರು ಬಿದ್ದರೂ ಅದರ ಅಕ್ಷರ ಹರಡುವುದಿಲ್ಲ, ಬಿಸಿಲಿಗೆ ಮಾಸುವುದಿಲ್ಲ. ದಕ್ಷಿಣ ಧ್ರುವದಿಂದ ಹಿಂತಿರುಗುವಾಗ 1912ರಲ್ಲಿ ತೀರಿಕೊಂಡ ಕ್ಯಾಪ್ಟನ್ ಸ್ಕಾಟ್ ಕೊನೆಯ ದಿನಗಳನ್ನು ಬರೆದಿಟ್ಟದ್ದು ಪೆನ್ಸಿಲ್ಲಿನಲ್ಲೇ. ಆ ಪುಟಗಳನ್ನು ಇವತ್ತಿಗೂ ಓದಬಹುದು. ಸ್ವಲ್ಪ ಮೆತ್ತಗಿನ, ಕಪ್ಪಾಗಿ ಮೂಡುವ 2ಬಿ ಪೆನ್ಸಿಲ್ ಬರೆಯಲಿಕ್ಕೂ ಆಗುತ್ತದೆ, ನೆರಳು ಹಾಕಲಿಕ್ಕೂ ಆಗುತ್ತದೆ. ಜೊತೆಗೆ ಆರೇಳು ಬಣ್ಣದ ಪೆನ್ಸಿಲ್, ಒಂದು ಮೆಂಡರ್, ಒಂದು ಗ್ಲೂ ಸ್ಟಿಕ್. ಇದಕ್ಕಿಂತ ಜಾಸ್ತಿ ಸಾಮಾನು ಬೇಡ. ವಿಮಾನದಲ್ಲಿ ಹೋಗುವುದಾದರೆ ಇಂಕ್ ಪೆನ್ ಮನೆಯಲ್ಲೇ ಇರಲಿ. ಮೇಲೆ ಹೋದಂತೆ ಸುತ್ತಲಿನ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ಪೆನ್ನಿನ ಒಳಗಿನ ಗಾಳಿ ಹಿಗ್ಗಿ ಇಂಕನ್ನು ಹೊರಕ್ಕೆ ತಳ್ಳುತ್ತದೆ.

ಮೊದಲ ಪುಟದಲ್ಲಿ ಏನು ಬರೆಸಲಿ?

ಹೊರಡುವ ಹಿಂದಿನ ದಿನ ಒಂದು ಊಹೆ ಬರೆಸಿ. ಆ ಜಾಗ ಹೇಗಿರಬಹುದು? ಏನು ವಾಸನೆ ಬರಬಹುದು? ಒಂದು ಚಿತ್ರವನ್ನೂ ಬಿಡಿಸಲಿ. ಹೋಗಿ ಬಂದ ಮೇಲೆ ಮಕ್ಕಳು ತಾವಾಗಿಯೇ ಈ ಪುಟಕ್ಕೆ ಬರುತ್ತಾರೆ.

ರಟ್ಟಿನ ಒಳಗಡೆ ಮಗುವಿನ ಹೆಸರು ಮತ್ತು ನಿಮ್ಮ ಫೋನ್ ನಂಬರ್ ಸಾಕು, ಕಳೆದುಹೋದರೆ ಸಿಕ್ಕವರು ಕರೆ ಮಾಡಬಹುದು. ಮನೆ ವಿಳಾಸ, ಉಳಿದುಕೊಳ್ಳುವ ಜಾಗದ ರೂಮ್ ನಂಬರ್ ಬರೆಯಬೇಡಿ.

## ದಾರಿಯಲ್ಲಿ

ದಿನಕ್ಕೆ ಎಷ್ಟು ಹೊತ್ತು? ರಾತ್ರಿ ಬರೆಸೋಣ ಅಂದ್ರೆ ಸುಸ್ತಾಗಿ ಮಲಗಿಬಿಡ್ತಾರೆ.

ಹತ್ತು ನಿಮಿಷ. ಮತ್ತು ರಾತ್ರಿ ಬೇಡವೇ ಬೇಡ.

ಪ್ರವಾಸ ಅಂದರೆ ಅರ್ಧ ಕಾಯುವುದೇ ತಾನೆ? ಊಟ ಬರುವ ತನಕ, ರೈಲು ಬರುವ ತನಕ, ದೊಡ್ಡವರು ಸ್ನಾನ ಮುಗಿಸುವ ತನಕ. ಆ ಹೊತ್ತನ್ನು ಹಿಡಿಯಿರಿ. ಪುಸ್ತಕ ಪೆಟ್ಟಿಗೆಯ ತಳದಲ್ಲಿದ್ದರೆ ಇದು ಆಗುವುದಿಲ್ಲ. ಕೈಚೀಲದಲ್ಲಿ, ಮಗುವಿನ ಕೈಗೆ ಸಿಗುವ ಹಾಗಿರಬೇಕು.

ಎಂಟು ದಾಟಿದ ಮಕ್ಕಳಿಗೆ ನಾನು ಎರಡು ಹಂತ ಹೇಳಿಕೊಡುತ್ತೇನೆ. 1831ರಿಂದ 1836ರವರೆಗೆ ಬೀಗಲ್ ಹಡಗಿನಲ್ಲಿ ಲೋಕ ಸುತ್ತಿದ ಡಾರ್ವಿನ್ ದಡಕ್ಕೆ ಇಳಿದಾಗ ಜೇಬಿನ ಸಣ್ಣ ಪುಸ್ತಕದಲ್ಲಿ ಚುಟುಕಾಗಿ ಗೀಚಿಕೊಳ್ಳುತ್ತಿದ್ದರು, ಬಿಡುವಾದಾಗ ಅದನ್ನು ವಿಸ್ತರಿಸಿ ಬರೆಯುತ್ತಿದ್ದರು. ಮಕ್ಕಳೂ ಹಾಗೇ ಮಾಡಬಹುದು. ಜಾಗದಲ್ಲೇ ಮೂರು ಪದ: 'ಕೆಂಪು ಏಣಿ, ನಾಯಿ, ಜಾರಿದ್ದು'. ಮರುದಿನ ಬೆಳಿಗ್ಗೆ ಆ ಮೂರು ಪದ ನೋಡಿದರೆ ಉಳಿದದ್ದು ನೆನಪಾಗುತ್ತದೆ. ನಿದ್ದೆ ಆದ ಮೇಲೆ ಮಕ್ಕಳ ಕೈಯೂ ಮನಸ್ಸೂ ಹಗುರ ಇರುತ್ತದೆ.

ಕಾರಲ್ಲಿ ಕೂತು ಬರಿ ಅಂದ್ರೆ ವಾಂತಿ ಮಾಡ್ಕೊಳ್ತಾಳೆ.

ಹಾಗಾದರೆ ಗಾಡಿಯಲ್ಲಿ ಬರೆಸಲೇಬೇಡಿ. ಕಿವಿಯ ಒಳಭಾಗ 'ಚಲಿಸುತ್ತಿದ್ದೇವೆ' ಅನ್ನುತ್ತದೆ, ಹಾಳೆ ನೋಡುವ ಕಣ್ಣು 'ನಿಂತಿದ್ದೇವೆ' ಅನ್ನುತ್ತದೆ. ಈ ತಾಳ ತಪ್ಪುವುದರಿಂದಲೇ ಹೊಟ್ಟೆ ತೊಳಸುವುದು. ಎರಡರಿಂದ ಹನ್ನೆರಡು ವರ್ಷದ ಮಕ್ಕಳಿಗೆ ಇದು ಜಾಸ್ತಿ. ಕಿಟಕಿಯಾಚೆ ದೂರಕ್ಕೆ ನೋಡಲಿ. ಕಂಡದ್ದನ್ನು ಬಾಯಲ್ಲಿ ಹೇಳಲಿ, ನೀವು ಫೋನಿನಲ್ಲಿ ದನಿ ರೆಕಾರ್ಡ್ ಮಾಡಿಕೊಳ್ಳಿ. ಗಾಡಿ ನಿಂತಾಗ ಬರೆದರಾಯಿತು.

'ಹೋದ್ವಿ, ನೋಡಿದ್ವಿ, ಬಂದ್ವಿ, ತುಂಬಾ ಚೆನ್ನಾಗಿತ್ತು.' ದಿನಾ ಇಷ್ಟೇ ಬರೀತಾನೆ. ಏನ್ ಮಾಡಲಿ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ತಪ್ಪು ಮಗುವಿನದಲ್ಲ. 'ಇವತ್ತು ಹೇಗಿತ್ತು ಬರಿ' ಅಂದರೆ ಯಾರಾದರೂ 'ಚೆನ್ನಾಗಿತ್ತು' ಅಂತಲೇ ಬರೆಯುತ್ತಾರೆ. ಪ್ರಶ್ನೆ ಅಷ್ಟು ದೊಡ್ಡದು, ಎಲ್ಲಿಂದ ಹಿಡಿಯಬೇಕೋ ಗೊತ್ತಾಗುವುದಿಲ್ಲ.

ಪ್ರಶ್ನೆಯನ್ನು ಸಣ್ಣದು ಮಾಡಿ. ಇವತ್ತು ಕೇಳಿದ ಎಲ್ಲಕ್ಕಿಂತ ಜೋರು ಸದ್ದು ಯಾವುದು? ಯಾರು ಕೆಲಸ ಮಾಡುತ್ತಿದ್ದರು, ಅವರ ಕೈಯಲ್ಲಿ ಏನಿತ್ತು? ನಮ್ಮ ಮನೆಯಲ್ಲಿ ಇಲ್ಲದ ಯಾವ ವಸ್ತು ಅಲ್ಲಿತ್ತು? ನೆಲ ಹೇಗಿತ್ತು? ಅಜ್ಜಿಗೆ ಫೋನ್ ಮಾಡಿದರೆ ಮೊದಲು ಏನು ಹೇಳುತ್ತೀಯ? ದಿನಕ್ಕೆ ಒಂದೇ ಪ್ರಶ್ನೆ ಸಾಕು. ಐದು ಕೇಳಿದರೆ ಪರೀಕ್ಷೆ ಆಗುತ್ತದೆ.

ಒಮ್ಮೆ ನಾವು ದೊಡ್ಡ ಜಲಪಾತ ನೋಡಲು ಬೆಳಗಿನಿಂದ ನಡೆದು ಹೋಗಿದ್ದೆವು. ಮಗನಿಗೆ ಆಗ ಏಳು. ಸಂಜೆ ನಾನು ಕೇಳಿದ್ದು, "ಇವತ್ತು ನಿನ್ನ ಕೈ ಏನೇನು ಮುಟ್ಟಿತು?" ಸ್ವಲ್ಪ ಹೊತ್ತು ಅಂಗೈ ನೋಡುತ್ತಾ ಕೂತ. ಆಮೇಲೆ ಬರೆದ: "ಕಬ್ಬಿಣದ ಕಂಬಿ ನಡುಗ್ತಾ ಇತ್ತು. ಕೈ ಇಟ್ರೆ ಹಲ್ಲಿನ ತನಕ ಗೊತ್ತಾಗ್ತಿತ್ತು." ನೀರಿನ ಬಗ್ಗೆ ಒಂದು ಮಾತೂ ಇಲ್ಲ. ಆದರೂ ಆ ನೀರಿನ ಬಲ ಎಷ್ಟಿತ್ತು ಅಂತ ನನಗೆ ಗೊತ್ತಾದದ್ದು ಈ ಎರಡು ಸಾಲಿನಿಂದ. ನಾನು ಅದೇ ಕಂಬಿಯ ಪಕ್ಕ ನಿಂತು ಫೋಟೋ ತೆಗೆಯುತ್ತಿದ್ದೆ. ಕೈ ಇಟ್ಟಿರಲಿಲ್ಲ.

ದೊಡ್ಡವರಿಗೆ ಮುಖ್ಯ ಅನಿಸಿದ್ದು ಪುಟದಲ್ಲಿ ಬರದಿದ್ದರೆ ಬಿಟ್ಟುಬಿಡಿ. ಕೋಟೆಗೆ ಕರೆದುಕೊಂಡು ಹೋದರೆ ಕೋಟೆಯ ಬೆಕ್ಕಿನ ಬಗ್ಗೆ ಬರೆಯುತ್ತಾರೆ. ಬರೆಯಲಿ. ಕೋಟೆ ಕಟ್ಟಿದ ವರ್ಷವನ್ನು ಯಾವಾಗ ಬೇಕಾದರೂ ಓದಿ ತಿಳಿಯಬಹುದು, ಆ ಬೆಕ್ಕು ಕೂತಿದ್ದು ಎಲ್ಲಿ ಅಂತ ಬೇರೆ ಯಾವ ಪುಸ್ತಕದಲ್ಲೂ ಸಿಗುವುದಿಲ್ಲ.

ಕಾಗುಣಿತ ತಪ್ಪಿದ್ರೆ ತಿದ್ದಬೇಕಾ?

ಬೇಡ. ನಾನು ಒಮ್ಮೆ ಮಗಳ ಪುಟದಲ್ಲಿ ಮೂರು ಕಡೆ ಒತ್ತಕ್ಷರ ತಿದ್ದಿದೆ, ಅದೂ ಅವಳ ಪೆನ್ಸಿಲ್ಲಿನಲ್ಲೇ, ಮೆತ್ತಗೆ. ಅವಳು ಏನೂ ಅನ್ನಲಿಲ್ಲ. ಆದರೆ ಮರುದಿನದಿಂದ ವಾಕ್ಯಗಳು ಚಿಕ್ಕದಾದವು. ಖಂಡಿತ ಗೊತ್ತಿರುವ ಪದಗಳನ್ನು ಮಾತ್ರ ಬರೆಯತೊಡಗಿದಳು. ಆ ಪ್ರವಾಸದ ಉಳಿದ ಪುಟಗಳು ಹಾಗೇ ಒಣಗಿಹೋದವು. ಇವತ್ತಿಗೂ ಆ ಪುಸ್ತಕ ತೆಗೆದಾಗ ನನಗೆ ಸಂಕಟವಾಗುತ್ತದೆ.

ಮಗು ಕೇಳಿದರೆ ಹೇಳಿಕೊಡಿ. ಊರಿನ ಹೆಸರುಗಳನ್ನು ಬೋರ್ಡು ನೋಡಿಕೊಂಡು ಬರೆಯಲು ಕಲಿಸಿ. ಅದೊಂದು ಆಟವೂ ಆಗುತ್ತದೆ, ಹೆಸರೂ ಸರಿಯಾಗಿ ಬರುತ್ತದೆ. ಎರಡು ಭಾಷೆ ಬೆರೆಸಿ ಬರೆದರೂ ತೊಂದರೆ ಇಲ್ಲ.

ಅವಳಿಗೆ ಬರೆಯೋದೇ ಇಷ್ಟ ಇಲ್ಲ. ಬಲವಂತ ಮಾಡಲಾ?

ಬಲವಂತದ ಡೈರಿ ಮಾಡಿಸುವುದಕ್ಕಿಂತ ಸುಮ್ನೆ ಪ್ರವಾಸ ಮಾಡುವುದು ಮೇಲು. ಆದರೆ ಡೈರಿ ಅಂದರೆ ಬರೆಯುವುದು ಮಾತ್ರ ಅಲ್ಲವಲ್ಲ.

ಉಜ್ಜಿ ಅಚ್ಚು ತೆಗೆಯುವುದು ಬಹುತೇಕ ಮಕ್ಕಳಿಗೆ ಇಷ್ಟ. ಬಿದ್ದ ಎಲೆಯನ್ನು ನರ ಮೇಲೆ ಬರುವ ಹಾಗೆ ಇಡಿ, ಅದರ ಮೇಲೆ ತೆಳು ಹಾಳೆ. ಕ್ರೇಯಾನಿನ ಸುತ್ತಿನ ಕಾಗದ ಕಿತ್ತು, ಅದನ್ನು ಅಡ್ಡ ಮಲಗಿಸಿ ಹಗುರವಾಗಿ ಉಜ್ಜಿದರೆ ಎಲೆಯ ಒಂದೊಂದು ನರವೂ ಮೂಡುತ್ತದೆ. ನಾಣ್ಯ, ಮರದ ತೊಗಟೆ, ಚಪ್ಪಲಿಯ ಅಡಿ ಎಲ್ಲಕ್ಕೂ ಇದೇ ವಿಧಾನ. ಹಳೆಯ ಶಾಸನ, ಶಿಲ್ಪಗಳ ಮೇಲೆ ಮಾತ್ರ ಮಾಡಬೇಡಿ, ಸವೆದ ಕಲ್ಲಿಗೆ ಅದು ಪೆಟ್ಟು.

ಇನ್ನೊಂದು, ಅಳೆಯುವುದು. ಅಳತೆಪಟ್ಟಿ ಬೇಡ, ಮಗುವಿನ ಮೈಯೇ ಸಾಕು. ಬೆಂಚು ಎಷ್ಟು ಗೇಣು? ಬಾಗಿಲು ಎಷ್ಟು ಮೊಳ? ಈ ಮರವನ್ನು ತಬ್ಬಲು ಎಷ್ಟು ಮಾರು ಬೇಕು? ಬರೆಯಲು ಒಲ್ಲದ ಮಗು ಅಂಕಿಗಳನ್ನು ಖುಷಿಯಿಂದ ಬರೆಯುತ್ತದೆ. ಪಟ್ಟಿ, ಎಣಿಕೆ, ನೀಲಿ ಬಾಗಿಲುಗಳ ಲೆಕ್ಕ, ಇವೆಲ್ಲ ಡೈರಿಯೇ.

ಫೋನಲ್ಲಿ ಫೋಟೋ ಇದೆಯಲ್ಲ, ಚಿತ್ರ ಯಾಕೆ ಬಿಡಿಸಬೇಕು?

ಫೋಟೋಗೆ ಒಂದು ಕ್ಷಣ ಸಾಕು. ಚಿತ್ರಕ್ಕೆ ನೋಡಲೇಬೇಕು. ಕಿಟಕಿಗೆ ಎಷ್ಟು ಸರಳು, ಹಕ್ಕಿಯ ಕೊಕ್ಕು ನೇರವೋ ಬಾಗಿದೆಯೋ, ಹೂವಿಗೆ ನಾಲ್ಕು ಎಸಳೋ ಐದೋ? ಬಿಡಿಸುವ ಮಗು ತಲೆ ಎತ್ತಿ ಮತ್ತೆ ಮತ್ತೆ ನೋಡುತ್ತದೆ. ಚಿತ್ರ ಚೆನ್ನಾಗಿ ಬಂತಾ ಇಲ್ಲವಾ ಅನ್ನುವ ಮಾತೇ ಬೇಡ. ಫೋಟೋ ಇಷ್ಟಪಡುವ ಮಗುವಾದರೆ ದಿನಕ್ಕೆ ಒಂದನ್ನು ತಾನೇ ಆರಿಸಲಿ, ಅಚ್ಚು ಹಾಕಿಸಿ ಅಂಟಿಸಲು ಪುಟದಲ್ಲಿ ಜಾಗ ಬಿಡಲಿ.

ಇಬ್ಬರು ಮಕ್ಕಳಿಗೆ ಒಂದೇ ಪುಸ್ತಕ ಸಾಕಲ್ವಾ?

ಸಾಕಾಗಲ್ಲ. ದೊಡ್ಡವರು ಬರೆದದ್ದನ್ನು ಚಿಕ್ಕವರು ನಕಲು ಮಾಡುತ್ತಾರೆ, ಇಲ್ಲವೇ ಹಿಂದೆ ಸರಿಯುತ್ತಾರೆ. ಇಬ್ಬರಿಗೂ ಬೇರೆ ಬೇರೆ ಕೊಡಿ, ಪುಟಗಳನ್ನು ಹೋಲಿಸಬೇಡಿ.

ಬರೀ ಜಗಳ, ಬೇಜಾರು ಬರೆದಿದ್ದಾನೆ. 'ಅಪ್ಪ ಬೈದ್ರು' ಅಂತಾನೂ ಇದೆ. ಅಳಿಸಿ ಅನ್ನಲಾ?

ಬೇಡ. ಬೈದದ್ದು ನಿಜ ತಾನೆ? ಖುಷಿಯನ್ನು ಮಾತ್ರ ಬರೆಯಬೇಕು ಅಂದುಕೊಂಡ ಮಗು ನಿಮಗಾಗಿ ಬರೆಯತೊಡಗುತ್ತದೆ. ಆ ಪುಟ ಓದಿ ಕ್ಷಮೆ ಕೇಳಬೇಕು ಅನಿಸಿದರೆ ಮಗುವಿನ ಹತ್ತಿರ ಹೋಗಿ ಕೇಳಿ.

## ಅಂಟಿಸುವುದು, ಉಳಿಸುವುದು

ಟಿಕೆಟ್ ಎಲ್ಲಾ ಅಂಟಿಸಿದ್ವಿ. ವರ್ಷ ಕಳೆಯೋದ್ರೊಳಗೆ ಅಕ್ಷರವೇ ಮಾಯ!

ನಮಗೂ ಹೀಗೇ ಆಯಿತು, ಅಂಟಿಸಿದ ಜಾಗದಲ್ಲಿ ಬಿಳಿ ಚೀಟಿ ಉಳಿಯಿತು. ಈಗಿನ ಹೆಚ್ಚಿನ ಟಿಕೆಟ್, ರಸೀದಿಗಳ ಮೇಲೆ ಶಾಯಿಯೇ ಇರುವುದಿಲ್ಲ. ಕಾಗದಕ್ಕೆ ಶಾಖ ತಗುಲಿದರೆ ಕಪ್ಪಾಗುವ ಲೇಪ ಹಚ್ಚಿರುತ್ತಾರೆ. ಬೆಳಕು, ಬಿಸಿ, ಎಣ್ಣೆ, ಪ್ಲಾಸ್ಟಿಕ್, ಗಮ್ ಟೇಪ್ ಇವೆಲ್ಲ ಆ ಅಕ್ಷರವನ್ನು ತಿನ್ನುತ್ತವೆ. ನುಣುಪಾದ ಚೀಟಿಯನ್ನು ಉಗುರಿನಿಂದ ಜೋರಾಗಿ ಗೀರಿ ನೋಡಿ, ಕಪ್ಪು ಗೆರೆ ಬಂದರೆ ಇದೇ ಜಾತಿಯದು. ಅಂಥದ್ದನ್ನು ಜೆರಾಕ್ಸ್ ಮಾಡಿಸಿ ಆ ಪ್ರತಿ ಅಂಟಿಸಿ. ಇಲ್ಲವೇ ಮಗು ಪಕ್ಕದಲ್ಲೇ ಪೆನ್ಸಿಲ್ಲಿನಲ್ಲಿ ದಿನಾಂಕ, ಎಲ್ಲಿಂದ ಎಲ್ಲಿಗೆ ಅಂತ ಬರೆದಿಡಲಿ. ಪಾರದರ್ಶಕ ಟೇಪನ್ನು ಬೇರೆ ಚೀಟಿಗಳಿಗೂ ಬಳಸಬೇಡಿ, ಕೆಲವು ವರ್ಷಕ್ಕೆ ಹಳದಿಯಾಗಿ ಉದುರುತ್ತದೆ.

ಎಲೆ, ಹೂವು, ಚಿಪ್ಪು, ಗರಿ ತಂದು ಹಾಕಬಹುದಾ?

ಬಿದ್ದ ಎಲೆ, ಬಿದ್ದ ಹೂವು ಆಗಬಹುದು. ಕಿತ್ತದ್ದು ಬೇಡ. ಹಳೆಯ ಪೇಪರಿನ ನಡುವೆ ಇಟ್ಟು ಮೇಲೆ ಭಾರ ಹೇರಿ. ಮೊದಲೆರಡು ದಿನ ಪೇಪರ್ ಬದಲಿಸಿ, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಒಂದೆರಡು ವಾರದಲ್ಲಿ ಪೂರ್ತಿ ಒಣಗುತ್ತದೆ. ಹಸಿಯಾಗಿರುವಾಗಲೇ ಡೈರಿಯಲ್ಲಿ ಅಂಟಿಸಿದರೆ ಪುಟವೂ ಹಾಳು.

ಚಿಪ್ಪುಗಳನ್ನು ದಡದಲ್ಲೇ ಬಿಡಿ, ಖಾಲಿ ಚಿಪ್ಪಿನಲ್ಲಿ ಸನ್ಯಾಸಿ ಏಡಿಗಳು ಮನೆ ಮಾಡುತ್ತವೆ. ಸಂರಕ್ಷಿತ ಕಾಡಿನಿಂದ ಏನನ್ನೂ ತರುವ ಹಾಗಿಲ್ಲ. ಒಂದು ದೇಶದಿಂದ ಇನ್ನೊಂದಕ್ಕೆ ಹೋಗುವಾಗ ಬೀಜ, ಗಿಡದ ಭಾಗ, ಮಣ್ಣು ಒಯ್ಯುವುದಕ್ಕೆ ಬಹಳ ಕಡೆ ತಡೆ ಇದೆ. ಅದರ ಜೊತೆ ಕೀಟ, ರೋಗ ದಾಟುತ್ತವೆ. ಗರಿಯೂ ಅಷ್ಟೇ: ಅಮೆರಿಕದಲ್ಲಿ 1918ರ ವಲಸೆ ಹಕ್ಕಿಗಳ ಕಾಯ್ದೆಯ ಪ್ರಕಾರ ಹೆಚ್ಚಿನ ಕಾಡುಹಕ್ಕಿಗಳ ಬಿದ್ದ ಗರಿ ಇಟ್ಟುಕೊಳ್ಳುವುದೂ ತಪ್ಪು. ಹೀಗೆ ತರಲಾಗದ ವಸ್ತುವನ್ನು ಅದರ ನಿಜ ಅಳತೆಯಲ್ಲೇ ಬಿಡಿಸಲು ಹೇಳಿ.

## ಸ್ವಲ್ಪ ಮುಂದಕ್ಕೆ ಹೋದವರಿಗೆ

ಮಗನಿಗೆ ಹನ್ನೊಂದು. ಇದೆಲ್ಲ ಚಿಕ್ಕಮಕ್ಕಳ ಆಟ ಅಂತಾನೆ.

ಅವನಿಗೆ ಕಂಡುಹಿಡಿಯುವ ಕೆಲಸ ಕೊಡಿ. ಪ್ರವಾಸ ಅಂದರೆ ದೊಡ್ಡ ಪ್ರಯೋಗಶಾಲೆ.

ಬೆಟ್ಟದ ತುದಿಯಲ್ಲಿ ಖಾಲಿ ಪ್ಲಾಸ್ಟಿಕ್ ಬಾಟಲಿಗೆ ಬಿಗಿಯಾಗಿ ಮುಚ್ಚಳ ಹಾಕಲಿ. ಕೆಳಗೆ ಬಂದಾಗ ಬಾಟಲಿ ಒಳಕ್ಕೆ ಅಮುಕಿಕೊಂಡಿರುತ್ತದೆ. ಮೇಲಿನ ತೆಳು ಗಾಳಿ ಅದರೊಳಗಿದೆ, ಕೆಳಗಿನ ದಟ್ಟ ಗಾಳಿ ಹೊರಗಿನಿಂದ ಒತ್ತುತ್ತಿದೆ. ಎರಡೂ ಕಡೆಯ ಚಿತ್ರ ಬಿಡಿಸಲಿ. ಒಂದು ಕಿಲೋಮೀಟರ್ ಮೇಲೇರಿದರೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ತಂಪಾಗುತ್ತದೆ ಅನ್ನುವುದನ್ನೂ ಥರ್ಮಾಮೀಟರ್ ಹಿಡಿದು ಪರೀಕ್ಷಿಸಬಹುದು.

ಮರದ ಎತ್ತರ ಬೇಕೇ? ಒಂದು ಮೀಟರ್ ಕೋಲನ್ನು ನೆಟ್ಟಗೆ ನಿಲ್ಲಿಸಿ ನೆರಳು ಅಳೆಯಲಿ. ಕೋಲಿನ ನೆರಳು 2 ಮೀಟರ್, ಅದೇ ಹೊತ್ತಿಗೆ ಮರದ ನೆರಳು 12 ಮೀಟರ್ ಇದ್ದರೆ ಮರ 6 ಮೀಟರ್. ಮಿಂಚು ಕಂಡ ಮೇಲೆ ಗುಡುಗಿನ ತನಕ ಸೆಕೆಂಡ್ ಎಣಿಸಿ ಮೂರರಿಂದ ಭಾಗಿಸಿದರೆ ಮಿಂಚು ಸುಮಾರು ಎಷ್ಟು ಕಿಲೋಮೀಟರ್ ದೂರ ಅಂತ ಸಿಗುತ್ತದೆ. ಇದನ್ನು ಕೋಣೆಯ ಒಳಗಿದ್ದೇ ಮಾಡಬೇಕು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಚಂದ್ರ. ದಿನಾ ಪುಟದ ಮೂಲೆಯಲ್ಲಿ ಅವತ್ತಿನ ಚಂದ್ರನನ್ನು ಬಿಡಿಸಿ, ಕಂಡ ಹೊತ್ತು ಬರೆಯಲಿ. ಚಂದ್ರ ದಿನಕ್ಕೆ ಸರಾಸರಿ 50 ನಿಮಿಷ ತಡವಾಗಿ ಹುಟ್ಟುತ್ತಾನೆ ಅನ್ನುವುದು ಒಂದು ವಾರದಲ್ಲಿ ತಾನಾಗಿ ಗೊತ್ತಾಗುತ್ತದೆ. ಭೂಮಧ್ಯರೇಖೆ ದಾಟಿ ದಕ್ಷಿಣಕ್ಕೆ ದೂರ ಹೋದರೆ ಚಂದ್ರ ತಲೆಕೆಳಗಾಗಿ ಕಾಣುತ್ತಾನೆ.

ಅಲ್ಲಿನ ಜನರ ಬಗ್ಗೆ ಬರೆಯುವಾಗ 'ವಿಚಿತ್ರ', 'ಕೊಳಕು' ಅಂತೆಲ್ಲ ಬರೀತಾರೆ. ಹೇಗೆ ಹೇಳಿಕೊಡೋದು?

ಗದರಬೇಡಿ. "ಏನು ಕಂಡದ್ದಕ್ಕೆ ಹಾಗನ್ನಿಸಿತು?" ಅಂತ ಕೇಳಿ. ಮಗು ಕಂಡದ್ದನ್ನು ಬರೆಯತೊಡಗಿದಾಗ ಆ ಪದ ತಾನೇ ಬಿದ್ದುಹೋಗುತ್ತದೆ. ಇನ್ನೂ ಒಳ್ಳೆಯದು, ದಿನಕ್ಕೆ ಒಬ್ಬರ ಜೊತೆ ನಿಮ್ಮ ಎದುರಿಗೇ ಒಂದು ಪ್ರಶ್ನೆ ಕೇಳಿಸುವುದು. "ನೀವು ಎಷ್ಟು ಹೊತ್ತಿಗೆ ಏಳುತ್ತೀರಿ?" ದೋಣಿ ನಡೆಸುವವರು ಈ ಪ್ರಶ್ನೆಗೆ ಕೊಟ್ಟ ಉತ್ತರ ಬರೆದುಕೊಂಡ ಮಗು ಅವರನ್ನು ಬೇರೆ ಕಣ್ಣಿನಿಂದ ನೋಡುತ್ತದೆ. ಯಾರದ್ದಾದರೂ ಚಿತ್ರ ಬಿಡಿಸುವ ಮುಂಚೆ ಕೇಳಲಿ, ಆಮೇಲೆ ಅವರಿಗೆ ತೋರಿಸಲಿ.

ಮಗಳ ಡೈರಿ ನಾನು ಓದಬಹುದಾ? ಚಂದದ ಪುಟವನ್ನ ಎಲ್ಲರಿಗೂ ಕಳಿಸಬೇಕು ಅನ್ಸುತ್ತೆ.

ಎರಡಕ್ಕೂ ಅವಳನ್ನೇ ಕೇಳಿ. 'ಬೇಡ' ಅಂದರೆ ಅಲ್ಲಿಗೆ ಮುಗಿಯಿತು, ಕಾರಣ ಕೇಳಬೇಡಿ. ಯಾರೂ ನೋಡಬಾರದ ಪುಟವನ್ನು ಮಡಚಿ ಇಡುವ ಪದ್ಧತಿ ನಮ್ಮ ಮನೆಯಲ್ಲಿದೆ. ಮಡಚಿದ ಪುಟ ನಾವು ಬಿಚ್ಚುವುದಿಲ್ಲ. ಕಳಿಸಲು ಒಪ್ಪಿದರೂ ಪ್ರವಾಸ ಮುಗಿದ ಮೇಲೆ ಕಳಿಸಿ, ನೀವು ಈಗ ಎಲ್ಲಿದ್ದೀರಿ ಅಂತ ಊರಿಗೆಲ್ಲ ಗೊತ್ತಾಗಬೇಕಿಲ್ಲ.

## ಮನೆಗೆ ಬಂದ ಮೇಲೆ

ಮೂರನೇ ದಿನಕ್ಕೇ ನಿಂತುಹೋಯ್ತು. ಈಗ ಮನೆಗೆ ಬಂದಿದ್ದೀವಿ. ಮುಗಿಸೋದು ಹೇಗೆ?

ಬಿಟ್ಟುಹೋದ ದಿನಗಳನ್ನು ಸಾಲಾಗಿ ತುಂಬಿಸಲು ಹೋಗಬೇಡಿ. ಮೊದಲು ಬಟ್ಟೆ ಒಗೆಯಲು ಹಾಕುವ ಮುಂಚೆ ಜೇಬುಗಳನ್ನು ಮಗುವಿನಿಂದಲೇ ಖಾಲಿ ಮಾಡಿಸಿ. ಕಲ್ಲು, ಚೀಟಿ, ಮರಳು, ಏನು ಸಿಗುತ್ತದೋ ಮೇಜಿನ ಮೇಲೆ ಹರಡಲಿ. ಒಂದೊಂದಕ್ಕೂ ಒಂದು ಸಾಲು. ಆಮೇಲೆ ಫೋನಿನ ಫೋಟೋಗಳಲ್ಲಿ ಮೂರನ್ನು ಆರಿಸಿ, ಫೋಟೋದ ಹೊರಗೆ ಏನಿತ್ತು ಅಂತ ಬರೆಯಲಿ. ಉಳಿದ ಪುಟಗಳು ಖಾಲಿ ಇದ್ದರೆ ಇರಲಿ.

ಮುಗಿದ ಪುಸ್ತಕಗಳನ್ನ ಎಲ್ಲಿ, ಹೇಗೆ ಇಡೋದು?

ಮಗುವಿನ ಕೈಗೆ ಎಟಕುವ ಕಪಾಟಿನಲ್ಲಿ, ನಿಲ್ಲಿಸಿ ಇಡಿ. ಅಟ್ಟದ ಪೆಟ್ಟಿಗೆಗೆ ಹೋದ ಪುಸ್ತಕವನ್ನು ಯಾರೂ ಓದುವುದಿಲ್ಲ. ಬಿಸಿಲು, ತೇವ ಎರಡೂ ತಾಗದ ಜಾಗ ಇರಲಿ. ಹೊರಗೋಡೆಗೆ ಅಂಟಿದ ಕಪಾಟಾದರೆ ಮಳೆಗಾಲದಲ್ಲಿ ಆಗಾಗ ತೆಗೆದು ಗಾಳಿಗೆ ಹಿಡಿಯಿರಿ. 300 ಡಿಪಿಐನಲ್ಲಿ (ಒಂದು ಇಂಚಿಗೆ 300 ಚುಕ್ಕೆ) ಒಮ್ಮೆ ಸ್ಕ್ಯಾನ್ ಮಾಡಿ ಎರಡು ಕಡೆ ಉಳಿಸಿಕೊಳ್ಳಿ, ಮಡಚಿದ ಪುಟಗಳನ್ನು ಬಿಟ್ಟು. ಬೆನ್ನಿನ ಮೇಲೆ ಊರು, ವರ್ಷ ಮತ್ತು ಆಗ ಮಗುವಿಗೆ ಎಷ್ಟು ವಯಸ್ಸು ಅಂತ ಬರೆದ ಚೀಟಿ ಅಂಟಿಸಿ. ಆ ಚೀಟಿಯನ್ನೂ ಮಗುವೇ ಬರೆಯಲಿ.